ಬೀಗರೂಟಕ್ಕೆ ಮೊದಲು ಕಿತ್ತ ಹಲ್ಲು

ನಮ್ಮ ಯಜಮಾನರು ಕೆಂಪಣ್ಣನವರಿಗೆ ಗೊತ್ತಿಲ್ಲದ ವಿಷಯ ಕಿಕ್ಕೇರಿ ಹೋಬಳಿಯಲ್ಲೇ ಇಲ್ಲ. ಹಾಗಂತ ಅವರೇ ಹೇಳುತ್ತಾರೆ. ಮಗಳು ಅರ್ಪಿತಳ ಮದುವೆಯಾದ ಮೇಲೆ ನಮ್ಮನೆಯಲ್ಲಿ ಬೀಗರೂಟ ಹಾಕಿದ್ದೆವು. ಅಳಿಯನ ತಂದೆ ದಾಸೇಗೌಡರು ಬಾಡನ್ನು ಎಲೆಯಲ್ಲೇ ಬಿಟ್ಟು, ಹಲ್ಲುನೋವೆಂದು ಎದ್ದರು.

"ಅಲ್ಲುನೋವಂತೆ! ನಮ್ಮನೆ ಬಾಡು ರುಚಿಸ್ನಿಲ್ಲ ಅನ್ರಿ, ನೆಪ ಯಾಕೆ?" ಎಂದು ನಮ್ಮವರು ಪಂಕ್ತಿಯ ನಡುವೆಯೇ ಅಂದುಬಿಟ್ಟರು.

ಬೀಗರ ಮುಖ ಸಪ್ಪಗಾಯಿತು. ಅವತ್ತಿನಿಂದ ಅವರು ಸೊಸೆಯ ಜೊತೆ ಮಾತು ಬಿಟ್ಟರು. ಆಡಿದ್ದು ಅಪ್ಪ, ಅನುಭವಿಸಿದ್ದು ಮಗಳು.

ಈಗ ಅಕ್ಕಿಹೆಬ್ಬಾಳಿನ ಅವರ ಮನೆಯಲ್ಲಿ ನಮಗೆ ಬೀಗರೂಟ. "ಅಪ್ಪ ಎಲೆ ಖಾಲಿ ಮಾಡ್ಲಿ ಕಣವ್ವ, ಆಗ ಎಲ್ಲಾ ಸರಿ ಓಯ್ತದೆ" ಎಂದು ಅರ್ಪಿತ ಫೋನಿನಲ್ಲಿ ಅಂಗಲಾಚಿದಳು. ಅದೇ ವಾರ ಇವರಿಗೆ ಹಲ್ಲುನೋವು ಬರಬೇಕೇ! ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಕೆ.ಆರ್. ಪೇಟೆಯ ಹಲ್ಲಿನ ಡಾಕ್ಟರ್ ಆಫ್ರೀನ್ ಹತ್ತಿರ ಕರೆದುಕೊಂಡು ಹೋದೆ. ಇವರು ಕೆಳಗಿನ ದವಡೆಹಲ್ಲಿನ ಮೇಲೆ ಬೆರಳಿಟ್ಟು, "ಇದೇ, ಕಿತ್ತಾಕವ್ವ" ಎಂದರು. ಆಕೆ ಅದನ್ನು ತಟ್ಟಿದಳು, ತಣ್ಣಗಿನ ಹತ್ತಿ ಮುಟ್ಟಿಸಿದಳು. ಇವರು ಕದಲಲಿಲ್ಲ. ಮೇಲಿನ ಹಲ್ಲಿಗೆ ಮುಟ್ಟಿಸಿದ್ದೇ ತಡ, ಕುರ್ಚಿಯಿಂದ ಎದ್ದೇಬಿಟ್ಟರು. ಎದ್ದವರು ಹಿಡಿದುಕೊಂಡದ್ದು ಮಾತ್ರ ಕೆಳಗಿನ ದವಡೆಯನ್ನೇ.

"ಹುಳುಕಿರೋದು ಮೇಲಿನ ಹಲ್ಲಲ್ಲಿ. ದವಡೇಲಿ ಬೆಲ್ಲ ಒತ್ತರಿಸಿಕೊಳ್ತಾರಾ?" ಎಂದು ಆಫ್ರೀನ್ ನನ್ನನ್ನು ಕೇಳಿದಳು. ಹೌದೆಂದೆ. ಬೆಲ್ಲ ಬಾಯಲ್ಲಿಲ್ಲದೆ ಇವರಿಗೆ ಕಾಫಿ ಇಳಿಯುವುದಿಲ್ಲ.

"ಸಿಹಿ ಅಂಟಿದ ಕಡೆ ಕ್ರಿಮಿಗಳು ಹುಳಿ ಮಾಡಿ ಹಲ್ಲು ಕೊರೀತವೆ. ಮೇಲ್ಪದರಕ್ಕೆ ನೋವೇ ಗೊತ್ತಾಗಲ್ಲ. ನರ ಇರೋದು ಒಳಗಿನ ಮೆತ್ತನೆ ಭಾಗದಲ್ಲಿ. ಅದು ಊದಿಕೊಂಡ್ರೆ ಹಿಗ್ಗೋಕೆ ಜಾಗ ಇಲ್ಲ, ಅದಕ್ಕೇ ಸಿಡಿಯುತ್ತೆ. ಮೇಲಿನ ದವಡೆ, ಕೆಳಗಿನ ದವಡೆ ಎರಡರ ನರಾನೂ ಮಿದುಳಿಗೆ ಹೋಗೋದು ಒಂದೇ ದಾರೀಲಿ. ಯಾವ ಹಲ್ಲು ನೋಯ್ತಿದೆ ಅಂತ ಮಿದುಳಿಗೇ ಗೊಂದಲ ಆಗುತ್ತೆ."

"ನೋವು ನಂದು. ಎಲ್ ನೋಯ್ತದೆ ಅಂತ ನಂಗ್ ಗೊತ್ತಾ, ನಿಂಗ್ ಗೊತ್ತಾ?" ಎಂದು ಇವರು ಎದ್ದು ಬಂದರು.

ಕಿಕ್ಕೇರಿಯಲ್ಲಿ ಒಬ್ಬ ಮಹಾಶಯನಿದ್ದಾನೆ. ಓದಿಲ್ಲ, ಬೋರ್ಡಿಲ್ಲ, ತೋರಿಸಿದ ಹಲ್ಲು ಕೀಳುತ್ತಾನೆ. ಎದುರು ಮಾತಾಡುವುದಿಲ್ಲವಾದ್ದರಿಂದ ಇವರಿಗೆ ಬಹಳ ಹಿಡಿಸಿದ. ಕಿತ್ತ ಹಲ್ಲನ್ನು ಕಾಗದದಲ್ಲಿ ಸುತ್ತಿ ತಂದು, ಮರಗಟ್ಟಿದ ಬಾಯಲ್ಲೇ "ನೋಡ್ದಾ?" ಎಂದರು. ನೋಡಿದೆ. ಗಟ್ಟಿಮುಟ್ಟಾದ ಹಲ್ಲು, ಒಂದು ಚುಕ್ಕೆ ಕಲೆಯಿಲ್ಲ.

ಅಕ್ಕಿಹೆಬ್ಬಾಳಿನಲ್ಲಿ ಎಲೆ ಹಾಕಿದರು. ಇವರು ಮುದ್ದೆಯನ್ನೇನೋ ನುಂಗಿದರು, ಅದನ್ನು ಅಗಿಯಬೇಕಿಲ್ಲವಲ್ಲ. ಬಾಡು ಕಚ್ಚಿದ ತಕ್ಷಣ ಇವರ ಕಣ್ಣಲ್ಲಿ ನೀರು ಬಂತು. ಬಡಿಸುತ್ತಿದ್ದ ದಾಸೇಗೌಡರು ಎದುರಿಗೇ ನಿಂತರು. ಸಾರಿನ ಪಾತ್ರೆ ಹಿಡಿದ ಅರ್ಪಿತಳ ಮುಖ ಬಿಳಿಚಿತು.

"ಬೀಗ್ರೆ, ಅಲ್ಲುನೋವು" ಎಂದರು ನಮ್ಮವರು, ಸಣ್ಣ ದನಿಯಲ್ಲಿ. ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು.

ದಾಸೇಗೌಡರು ಸೌಟು ಕೆಳಗಿಟ್ಟು ಬಾಯಿ ಅಗಲಿಸಿ ತೋರಿಸಿದರು. ಕೆಳಗಿನ ದವಡೆಯಲ್ಲಿ ಅದೇ ಜಾಗ ಖಾಲಿ. "ನೆಪ ಅಂದ್ರಲ್ಲ, ಮಾರ್ನೆ ದಿನ್ವೇ ಕಿಕ್ಕೇರಿಗೋಗಿ ಕೀಳಿಸ್ಬುಟ್ಟೆ."

"ನೋವು ಓಯ್ತಾ?" ಎಂದು ಇವರು ಕೇಳಿದರು.

"ಎಲ್ಲೋದದು? ಅಂಗೇ ಅದೆ. ಯೋಳುದ್ರೆ ನಂಬೋರ್ಯಾರು ಅಂತ ಸುಮ್ಕಿದ್ದೆ."

"ತಪ್ಪಾಯ್ತು ಕಣ್ರಿ" ಎಂದರು ನಮ್ಮವರು. ಇವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ದಾಸೇಗೌಡರು ಸೊಸೆಯ ಕಡೆ ತಿರುಗಿ, "ಬಾರವ್ವ, ನಿಮ್ಮಪ್ಪಂಗೂ ನಂಗೂ ಅನ್ನ ಮೆತ್ಗೆ ಕಲ್ಸು" ಎಂದರು. ಅರ್ಪಿತ ಅಲ್ಲೇ ಅತ್ತುಬಿಟ್ಟಳು. ನಾನೂ ಅತ್ತೆ.

ಸೋಮವಾರ ಬೀಗರಿಬ್ಬರೂ ಡಾಕ್ಟರ್ ಆಫ್ರೀನ್ ಮುಂದೆ ಕೈಕಟ್ಟಿ ಕೂತರು. ಎಲ್ಲಿ ನೋವೆಂದು ಆಕೆ ಕೇಳಿದಳು.

"ಅದ್ ನಮ್ಗೇನವ್ವ ಗೊತ್ತು?" ಎಂದರು ನಮ್ಮ ಯಜಮಾನರು. "ನೀನೇ ನೋಡಿ ಯೋಳು."