ಕಾರಣದ ಕಾಲಂ

ಶಾಲೆಯ ಮಕ್ಕಳೆಲ್ಲ ಅವಳನ್ನು ಸೀಲಮ್ಮ ಎನ್ನುತ್ತಿದ್ದರು. ಶೀಲಮ್ಮನಲ್ಲ, ಸೀಲಮ್ಮ. ಸರ್ಕಾರಿ ಪ್ರೌಢಶಾಲೆಯ ಆಫೀಸಿನ ಕಿಟಕಿಯ ಹಿಂದೆ ಕೂತು, ಅರ್ಜಿ ಎಳೆದುಕೊಂಡು, ಮೇಲಿಂದ ಕೆಳಗೆ ಕಣ್ಣಾಡಿಸಿ, ಧಪ್ಪೆಂದು ಸೀಲು ಒತ್ತಿ ಹಿಂದಕ್ಕೆ ತಳ್ಳುತ್ತಿದ್ದಳು. ಅಷ್ಟರಲ್ಲಿ ಅವಳ ಬಾಯಿಂದ ಒಂದು ಮಾತು ಬಂದರೆ ಕೇಳಿ. ಕಿಟಕಿಯ ಸುತ್ತ ರಟ್ಟಿನ ಚೀಟಿಗಳನ್ನು ಅಂಟಿಸಿದ್ದಳು. ‘ಟಿಸಿಗೆ ಮೂರು ದಿನ.’ ‘ಫೋಟೊ ಎರಡು ಬೇಕು.’ ‘ಹೆಡ್‌ಮಾಸ್ಟರ್ ರೂಮು ಎಡಕ್ಕೆ.’ ಯಾರು ಏನು ಕೇಳಿದರೂ ಬೆರಳು ತೋರಿಸಿದರೆ ಮುಗಿಯಿತು. ಇಪ್ಪತ್ತಾರು ವರ್ಷದಲ್ಲಿ ಆ ಚೀಟಿಗಳು ನಲವತ್ತೊಂದಾಗಿದ್ದವು.

ಸೊಕ್ಕಿನ ಹೆಂಗಸು ಎಂದು ಕೆಲವರು, ಸಿಡುಕಿ ಎಂದು ಕೆಲವರು. ನಿಜ ಬೇರೆಯಿತ್ತು. ಸೀಲಮ್ಮನಿಗೆ ಉಗ್ಗು. ಮಾತು ಗಂಟಲಿನವರೆಗೆ ಸರಾಗವಾಗಿ ಬಂದು, ತುಟಿಯ ಹತ್ತಿರ ಹಠ ಹಿಡಿದ ಮಗುವಿನಂತೆ ನಿಂತುಬಿಡುತ್ತಿತ್ತು. ಎದುರಿಗಿದ್ದವರು ಪಾಪ ಎಂದುಕೊಂಡು ಉಳಿದರ್ಧವನ್ನು ತಾವೇ ಹೇಳಿ ಮುಗಿಸುತ್ತಿದ್ದರು. ಅವಳು ಹೇಳಹೊರಟಿದ್ದು ಅದಾಗಿರುತ್ತಿರಲಿಲ್ಲ. ಒಮ್ಮೆ ತರಕಾರಿ ಅಂಗಡಿಯಲ್ಲಿ ಬಟಾಣಿ ಕೇಳಲು ಹೋಗಿ “ಬ... ಬ...” ಎಂದು ನಿಂತಾಗ ಅಂಗಡಿಯವನು ಒಂದು ಕಿಲೊ ಬದನೆಕಾಯಿ ತೂಗಿ ಚೀಲಕ್ಕೆ ಸುರಿದ. ಅಲ್ಲ ಎನ್ನುವುದಕ್ಕೂ ಬಾಯಿ ತೆರೆಯಬೇಕಲ್ಲ. ಮೂರು ದಿನ ಬದನೆಕಾಯಿ ತಿಂದಳು. ಮದುವೆಯಾಗಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ. ಪರವೂರಲ್ಲಿದ್ದ ತಮ್ಮ ಭಾನುವಾರ ಫೋನ್ ಮಾಡಿ, “ಚೆನ್ನಾಗಿದೀಯಾ ಅಕ್ಕಾ? ಚೆನ್ನಾಗಿದೀಯ ಬಿಡು” ಎಂದು ಪ್ರಶ್ನೆ, ಉತ್ತರ ಎರಡನ್ನೂ ತಾನೇ ಮುಗಿಸಿ ಇಟ್ಟುಬಿಡುತ್ತಿದ್ದ.

ಆ ಶಾಲೆಗೆ ಅಂತರರಾಷ್ಟ್ರೀಯ ಡಿಪ್ಲೊಮಾ ಬಂದಾಗ ಸ್ಟಾಫ್ ರೂಮಿನಲ್ಲಿ ಮೂಗು ಮುರಿದವರೇ ಹೆಚ್ಚು. ಅಲ್ಲಿಯವರೆಗೆ ಅದು ಉಳ್ಳವರ ಮಕ್ಕಳು ಓದುವ ಖಾಸಗಿ ಶಾಲೆಗಳ ಸೊತ್ತಾಗಿತ್ತು. “ನಮ್ಮ ನಲ್ಲೀಲಿ ನೀರು ಬರಲ್ಲ, ಅಂತರರಾಷ್ಟ್ರೀಯ ಬಂತಂತೆ” ಎಂದು ಡ್ರಾಯಿಂಗ್ ಮೇಷ್ಟ್ರು ನಗಿಸಿದರು. ಅದನ್ನು ಹಠ ಹಿಡಿದು ತಂದವರು ಇತಿಹಾಸದ ಮೇಡಂ. ವಯಸ್ಸು ಮೂವತ್ತೈದು ದಾಟಿರಲಿಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಓಡಾಡುತ್ತಿದ್ದರು. ಪೋಷಕರಿಗೆ ಹಂಚುವ ಕರಪತ್ರವನ್ನು ಟೈಪ್ ಮಾಡಿಕೊಟ್ಟವಳು ಸೀಲಮ್ಮನೇ. ಹತ್ತನೆಯ ತರಗತಿಯ ಮೇಲೆ ಎರಡು ವರ್ಷ, ಆರು ವಿಷಯ. ದೇಶವಿದೇಶದ ವಿಶ್ವವಿದ್ಯಾಲಯಗಳಲ್ಲಿ ಮಾನ್ಯತೆ. ತಾನೇ ಆರಿಸಿಕೊಂಡ ಪ್ರಶ್ನೆಯ ಮೇಲೆ ಒಂದು ದೀರ್ಘ ಪ್ರಬಂಧ. ‘ನಮಗೆ ಗೊತ್ತಿದೆ ಅಂದುಕೊಂಡದ್ದು ಹೇಗೆ ಗೊತ್ತು’ ಎಂದು ಕೇಳಿಕೊಳ್ಳುವ ಒಂದು ತರಗತಿ. ಟೈಪ್ ಮಾಡುತ್ತ ಸೀಲಮ್ಮನಿಗೆ ಇದೆಂಥ ತರಗತಿಯಪ್ಪಾ ಅನ್ನಿಸಿತು. ಕಾಗುಣಿತ ಸರಿಯಿದೆಯೇ ನೋಡಿ, ಮುನ್ನೂರು ಪ್ರತಿ ತೆಗೆದುಕೊಟ್ಟಳು.

ಸೇರಿದವರು ಹದಿನೆಂಟು ಮಕ್ಕಳು. ಅವರಲ್ಲೊಬ್ಬಳು ಸಿಟಿ ಬಸ್ಸಿನ ಕಂಡಕ್ಟರಮ್ಮನ ಮಗಳು. ಉದ್ದ ಕೈಕಾಲಿನ, ಎರಡು ಜಡೆಯ ಹುಡುಗಿ. ಎರಡನೆಯ ವರ್ಷದ ಆರಂಭದಲ್ಲಿ ಒಂದು ಮಧ್ಯಾಹ್ನ ಅವಳು ಕಿಟಕಿಗೆ ಬಂದು ನಲವತ್ತೊಂದು ಚೀಟಿಗಳನ್ನೂ ಓದಿ, ಯಾವುದರಲ್ಲೂ ಇಲ್ಲದ್ದನ್ನು ಕೇಳಿದಳು.

“ಮೇಡಂ, ಹಳೇ ದಾಖಲಾತಿ ರಿಜಿಸ್ಟರುಗಳನ್ನ ನೋಡ್ಬೇಕಿತ್ತು. ನಮ್ಮ ಶಾಲೇಲಿ ಹುಡುಗೀರು ಓದು ಯಾಕೆ ಬಿಟ್ರು ಅಂತ ಪ್ರಬಂಧ ಬರೀತಿದೀನಿ. ಹೆಡ್‌ಮಾಸ್ಟ್ರು ಸೈನ್ ಹಾಕಿದಾರೆ.”

ಸೀಲಮ್ಮ ಸೈನು ನೋಡಿದಳು, ಸೀಲು ಒತ್ತಿದಳು, ಬೀಗದ ಕೈ ತೆಗೆದುಕೊಂಡು ಎದ್ದಳು.

ದಾಖಲೆ ಕೊಠಡಿ ಆಫೀಸಿನ ಹಿಂದಿತ್ತು. ಒಂದೇ ಕಿಟಕಿ, ಮೂರು ಕಬ್ಬಿಣದ ಕಪಾಟು, ಕಾಲು ಕುಂಟುವ ಮೇಜು. ದಾಖಲೆಗಳನ್ನು ಹೊರಗಿನವರ ಕೈಯಲ್ಲಿ ಬಿಟ್ಟು ಹೋಗುವಂತಿರಲಿಲ್ಲವಾದ್ದರಿಂದ ಶಾಲೆ ಬಿಟ್ಟ ಮೇಲೆ ದಿನಾ ಒಂದು ಗಂಟೆ ಸೀಲಮ್ಮ ಅಲ್ಲೇ ಕೂರಬೇಕಾಯಿತು. ಹುಡುಗಿ ಒಂದೊಂದೇ ರಿಜಿಸ್ಟರು ಬಿಡಿಸಿ, ಹೆಸರು, ತಂದೆಯ ಕಸುಬು, ವಿಳಾಸ, ಬಿಟ್ಟ ದಿನ, ಕಾರಣ ಎಂದು ಬರೆದುಕೊಳ್ಳುತ್ತಿದ್ದಳು. ಜೊತೆಗೇ ಬಾಯಿಯೂ ನಡೆಯುತ್ತಿತ್ತು.

“ಮೇಡಂ, ನೋಡಿ ಇಲ್ಲಿ. ಹುಡುಗರಿಗೆ ಎಷ್ಟೊಂದು ಕಾರಣ! ವರ್ಗಾವಣೆ, ಉದ್ಯೋಗ, ಕಾಯಿಲೆ. ಒಬ್ಬನಿಗೆ ‘ಸಂಗೀತ ಕಲಿಯಲು’ ಅಂತ ಬರ್ದಿದಾರೆ. ಹುಡುಗೀರಿಗೆ ಮಾತ್ರ ಎಲ್ಲರಿಗೂ ಒಂದೇ. ಮನೆಗೆಲಸ, ಮನೆಗೆಲಸ, ಮನೆಗೆಲಸ.”

ಸೀಲಮ್ಮ ತಲೆಯಾಡಿಸಿದಳು.

ಕೆಲವೊಮ್ಮೆ ಹುಡುಗಿ ತನ್ನದನ್ನೂ ಹೇಳಿಕೊಳ್ಳುತ್ತಿದ್ದಳು. ಡಿಪ್ಲೊಮಾಕ್ಕೆ ಸೇರಿದ ಮೇಲೆ ಹಳೆಯ ಗೆಳತಿಯರು ಮಾತು ಬಿಟ್ಟಿದ್ದರಂತೆ. “ಬಂದ್ಳು ನೋಡ್ರೇ ಫಾರಿನ್ನು” ಎಂದು ಹಿಂದಿನಿಂದ ನಗುತ್ತಾರಂತೆ. ಹೊಸ ತರಗತಿಯವರಿಗೆ ಬೇರೆ ಬೇರೆ ವಿಷಯ, ಬೇರೆ ಬೇರೆ ಹೊತ್ತು. ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಡಬ್ಬಿ ಖಾಲಿ ಮಾಡುತ್ತಾಳಂತೆ. ಅಮ್ಮ ಬೆಳಗಿನ ಪಾಳಿಗೆ ನಾಲ್ಕೂವರೆಗೇ ಹೊರಡುತ್ತಾರೆ. “ಅಮ್ಮ ಹಾಸಿಗೆ ಬಿಟ್ಟೇಳೋದು ನನಗೆ ಗೊತ್ತಾಗುತ್ತೆ ಮೇಡಂ. ಆದ್ರೂ ನಿದ್ದೆ ಮಾಡೋ ಥರ ಇರ್ತೀನಿ. ಇಲ್ದಿದ್ರೆ ಅವ್ರಿಗೆ ಹೋಗೋಕೆ ಬೇಜಾರು.” ಸೀಲಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಯಾವ ಆತುರವೂ ಇಲ್ಲದೆ ಒಬ್ಬರು ತನ್ನ ಎದುರು ಕೂತು ಮಾತಾಡುತ್ತಿರುವುದು ಅವಳಿಗೆ ಹೊಸದು. ಸಂಜೆಯಾಗುವುದನ್ನೇ ಕಾಯತೊಡಗಿದಳು.

ಆದರೆ ಅವಳ ಎದೆಯಲ್ಲಿ ಒಂದು ಅಳುಕಿತ್ತು. ಎರಡನೆಯ ಕಪಾಟಿನ ಕೆಳಗಿನ ಸಾಲು, ಗೋಡೆಯ ಕಡೆಯಿಂದ ಮೂರನೆಯ ರಿಜಿಸ್ಟರು. ಅದನ್ನವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ತೆರೆದಿರಲಿಲ್ಲ. ಹುಡುಗಿ ಅಲ್ಲಿಗೆ ಬರುವಷ್ಟರಲ್ಲಿ ಪರೀಕ್ಷೆ ಬಂದು ಕೆಲಸ ನಿಂತೀತು ಎಂದು ಎಣಿಸಿದ್ದಳು. ಹುಡುಗಿಯ ಕೈ ಚುರುಕು. ಐದನೆಯ ವಾರಕ್ಕೇ ಅದು ಮೇಜಿನ ಮೇಲಿತ್ತು.

ಹುಡುಗಿಯ ಪೆನ್ನು ನಿಂತಿತು. ಅವಳು ಪುಟ ನೋಡಿದಳು, ತಲೆಯೆತ್ತಿ ಸೀಲಮ್ಮನನ್ನು ನೋಡಿದಳು. ಹೆಸರು, ಇನಿಶಿಯಲ್ಲು ಎರಡೂ ಆಫೀಸಿನ ಮೇಜಿನ ಫಲಕದಲ್ಲಿದ್ದದ್ದೇ.

“ಮೇಡಂ... ಇದು ನೀವಾ?”

ಸೀಲಮ್ಮ ರಿಜಿಸ್ಟರನ್ನು ಎಳೆದು ಮುಚ್ಚಿದಳು. ಹುಡುಗಿಯ ಬ್ಯಾಗನ್ನು ಎತ್ತಿ ಅವಳ ಕೈಗೆ ಕೊಟ್ಟಳು. ಬೀಗ ಹಾಕಿದಳು. ಮರುದಿನ ಬೆಳಗ್ಗೆ ಕಿಟಕಿಯಲ್ಲಿ ನಲವತ್ತೆರಡನೆಯ ಚೀಟಿ ಬಂತು: ‘ದಾಖಲೆ ಕೊಠಡಿ ಮುಚ್ಚಿದೆ.’

ಎಂಟು ದಿನ ಆ ಚೀಟಿ ಅಲ್ಲೇ ಇತ್ತು. ಹುಡುಗಿ ಬಂದು ಓದಿ ಹೋದಳು. ಪ್ರಬಂಧ ಕೊಡಲು ಉಳಿದದ್ದು ಆರೇ ವಾರ. ಸೀಲಮ್ಮನಿಗೂ ಅದು ಗೊತ್ತಿತ್ತು. ಹೆಡ್‌ಮಾಸ್ಟರಿಗೆ ದೂರು ಹೋಗುತ್ತದೆ, ಕರೆ ಬರುತ್ತದೆ, ತಾನು ಅವರ ಮುಂದೆ ನಿಂತು ಉಗ್ಗಬೇಕಾಗುತ್ತದೆ ಎಂದು ದಿನಾ ಕಾದಳು. ಏಳನೆಯ ದಿನ ಆಫೀಸಿನ ಹೊರಗೆ ಇತಿಹಾಸದ ಮೇಡಂ ಹುಡುಗಿಯನ್ನು ಹಿಡಿದು ನಿಲ್ಲಿಸಿದ್ದು ಕೇಳಿಸಿತು.

“ಏನಮ್ಮಾ, ಕೆಲಸ ನಿಂತೇ ಹೋಯ್ತಲ್ಲ?”

“ರಿಜಿಸ್ಟರಿಗೆ ಗೆದ್ದಲು ಹಿಡಿದಿದೆ ಮೇಡಂ. ಆಫೀಸಿನವರು ಔಷಧಿ ಹಾಕಿದಾರೆ. ಎರಡು ದಿನ ಆಗುತ್ತಂತೆ.”

ಹಸಿ ಸುಳ್ಳು. ಒಳಗೆ ಕೂತ ಸೀಲಮ್ಮನ ಕೈಯಲ್ಲಿ ಸೀಲು ಹಾಗೇ ನಿಂತಿತು.

ಮರುದಿನ ಹುಡುಗಿ ಕಿಟಕಿಗೆ ಬಂದಳು.

“ರಿಜಿಸ್ಟರು ಕೇಳೋಕೆ ಬಂದಿಲ್ಲ ಮೇಡಂ. ತಪ್ಪಾಯ್ತು ಅಂತ ಹೇಳೋಕೆ ಬಂದೆ. ಹಾಗೆ ಮುಖದ ಮೇಲೆ ಕೇಳಬಾರದಿತ್ತು. ಇನ್ನೂ ಒಂದು ತಪ್ಪು ಮಾಡಿದೆ. ಆ ಕಾಲಂನಲ್ಲಿ ಬರೆದಿದ್ದೆಲ್ಲ ನಿಜ ಅಂದ್ಕೊಂಡು ಎಣಿಸ್ತಾ ಹೋದೆ. ನಮ್ಮ ಕ್ಲಾಸಲ್ಲಿ ಯಾವಾಗ್ಲೂ ಕೇಳ್ತಾರೆ, ಅದು ನಿನಗೆ ಹೇಗೆ ಗೊತ್ತು ಅಂತ. ನನಗೆ ಗೊತ್ತಿಲ್ಲ ಮೇಡಂ. ಬರೆದವರಿಗೆ ಗೊತ್ತಿತ್ತೋ ಇಲ್ವೋ ಅದೂ ಗೊತ್ತಿಲ್ಲ.”

ಅವಳು ಹೊರಟಳು. ನಾಲ್ಕು ಹೆಜ್ಜೆ ಹೋಗಿದ್ದಳೇನೋ.

“ಸು...” ಎಂದಳು ಸೀಲಮ್ಮ.

ಹುಡುಗಿ ತಿರುಗಿದಳು. ಸೀಲಮ್ಮನ ಕುತ್ತಿಗೆಯ ನರ ಬಿಗಿದಿತ್ತು, ಕಣ್ಣು ಮುಚ್ಚಿತ್ತು. “ಸು... ಸು...”

ಹುಡುಗಿ ಹತ್ತಿರ ಬಂದು ನಿಂತಳು. ಸುಮ್ಮನೆ ನಿಂತಳು.

“ಸುಳ್ಳು. ಅ... ಅದು ಸುಳ್ಳು.”

ಅವತ್ತು ಸಂಜೆ ದಾಖಲೆ ಕೊಠಡಿಯಲ್ಲಿ, ಬೇರೆಯವರು ಹತ್ತು ನಿಮಿಷದಲ್ಲಿ ಮುಗಿಸುವ ಕತೆಯನ್ನು ಸೀಲಮ್ಮ ಒಂದೂಕಾಲು ಗಂಟೆ ಹೇಳಿದಳು. ಅವಳಪ್ಪ ಬಡಗಿ. ಮನೆಯಲ್ಲಿ ಕಷ್ಟ ಅಂಥದ್ದೇನೂ ಇರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಪಾಠ ಗಟ್ಟಿಯಾಗಿ ಓದಿಸುವ ಮೇಷ್ಟ್ರೊಬ್ಬರಿದ್ದರು. ‘ಪರ್ವತ’ ಎಂಬ ಶಬ್ದದ ಹತ್ತಿರ ಅವಳು ನಿಂತುಬಿಟ್ಟಳು. ಬರುವವರೆಗೆ ಬೆಂಚಿನ ಮೇಲೆ ನಿಂತಿರು ಎಂದರು ಮೇಷ್ಟ್ರು. ಗಂಟೆ ಹೊಡೆಯಿತು, ಶಬ್ದ ಬರಲಿಲ್ಲ. ಮರುದಿನವೂ ಅಲ್ಲಿಂದಲೇ ಶುರು. ಮೂರನೆಯ ದಿನ ಇಡೀ ತರಗತಿ “ಪ, ಪ, ಪ” ಎಂದು ತಾಳ ಹಾಕಿತು. ನಾಲ್ಕನೆಯ ದಿನ ಅವಳು ತಲೆನೋವು ಎಂದು ಮಲಗಿದಳು. ಮತ್ತೆ ಹೋಗಲಿಲ್ಲ. ಅಪ್ಪ ಬೈದ, ಬೇಡಿದ, ಕೊನೆಗೆ ಟಿಸಿ ತರಲು ಹೋದ. ಕಿಟಕಿಯಲ್ಲಿದ್ದ ಗುಮಾಸ್ತ ಹುಡುಗನೋ ಹುಡುಗಿಯೋ ಎಂದಷ್ಟೇ ಕೇಳಿ, ತಲೆಯೆತ್ತದೆ ಬರೆದುಕೊಂಡ.

“ಮ... ಮನೆಗೆಲಸವಂತೆ,” ಎಂದು ಸೀಲಮ್ಮ ನಕ್ಕಳು. “ಅಮ್ಮ ನನಗೆ ಒಂದು ಲೋಟ ತೊಳೆಯೋಕೂ ಬಿ... ಬಿಡ್ತಿರ್ಲಿಲ್ಲ.”

ಆಮೇಲೆ ಮನೆಯಲ್ಲೇ ಓದಿ ಪರೀಕ್ಷೆಗಳನ್ನು ಕಟ್ಟಿದಳು. ಬರವಣಿಗೆಯಲ್ಲಿ ಉಗ್ಗು ಕಾಣುವುದಿಲ್ಲವಲ್ಲ. ಕೆಲಸ ಸಿಕ್ಕಾಗ ಹಾಕಿದ್ದು ಇದೇ ಶಾಲೆಗೆ. ಬೇರೆ ಕಡೆ ಕೊಡಿ ಎನ್ನಲು ಬಾಯಿ ತೆರೆಯಬೇಕಿತ್ತು.

ಇಷ್ಟು ಹೊತ್ತಿನಲ್ಲಿ ಹುಡುಗಿ ಒಂದು ಶಬ್ದವನ್ನೂ ಮುಂದಾಗಿ ಹೇಳಿ ಮುಗಿಸಲಿಲ್ಲ. ಗಡಿಯಾರ ನೋಡಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. ಮುಗಿದ ಮೇಲೆ ಕೇಳಿದಳು, “ಇದನ್ನ ಬರ್ಕೋಬಹುದಾ? ಹೆಸರು ಹಾಕಲ್ಲ.”

“ಬ... ಬರ್ಕೋ.”

ಪ್ರಬಂಧದ ಪ್ರಶ್ನೆಯೇ ಅಲ್ಲಿಂದ ತಿರುಗಿತು. ಉಳಿದ ವಾರಗಳಲ್ಲಿ ಹುಡುಗಿ ‘ಮನೆಗೆಲಸ’ದ ಹೆಂಗಸರನ್ನು ಹುಡುಕುತ್ತ ಊರೆಲ್ಲ ಅಲೆದಳು. ಹಳೆಯ ವಿಳಾಸಗಳಿಗೆ ಕಾಗದ ಬರೆದುಕೊಟ್ಟವಳು ಸೀಲಮ್ಮ. ಸಿಕ್ಕವರು ಒಂಬತ್ತು ಮಂದಿ. ಕಾಲಂನಲ್ಲಿದ್ದ ಕಾರಣ ಹೊಂದಿದ್ದು ಇಬ್ಬರಿಗೆ ಮಾತ್ರ. ಒಂದು ಶನಿವಾರ ಸೀಲಮ್ಮನೂ ಜೊತೆಗೆ ಹೋದಳು. ಗುಂಡಿ, ದಾರ ಮಾರುವ ಸಣ್ಣ ಅಂಗಡಿ. ದಪ್ಪ ಕನ್ನಡಕದ ಅಂಗಡಿಯಾಕೆ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತ ಹೇಳಿದಳು:

“ನನಗೆ ಬೋರ್ಡೇ ಕಾಣ್ತಿರ್ಲಿಲ್ಲ ಕಣಮ್ಮ. ಎಲ್ಲರಿಗೂ ಹಾಗೇ ಮಸುಕಾಗಿ ಕಾಣುತ್ತೆ, ನಾನೇ ದಡ್ಡಿ ಅಂದ್ಕೊಂಡಿದ್ದೆ. ಕನ್ನಡಕ ಬಂದಿದ್ದು ಮೂವತ್ತನೇ ವಯಸ್ಸಿಗೆ. ಅಲ್ಲಾ, ಇದನ್ನ ಆಗ ಯಾರೂ ಕೇಳ್ಲಿಲ್ವಲ್ಲ!”

ಪ್ರಬಂಧ ಹೋಯಿತು. ಪರೀಕ್ಷೆಗಳು ಬಂದು ಮುಗಿದವು. ಹದಿನೆಂಟರಲ್ಲಿ ಹದಿಮೂರು ಮಕ್ಕಳಿಗೆ ಡಿಪ್ಲೊಮಾ ಸಿಕ್ಕಿತು. ಹುಡುಗಿಗೆ ಗಣಿತದಲ್ಲಿ ಸಾಧಾರಣ ಅಂಕ, ಪ್ರಬಂಧಕ್ಕೆ ಅತ್ಯುತ್ತಮ ಶ್ರೇಣಿ. ದೂರದ ಒಂದು ವಿಶ್ವವಿದ್ಯಾಲಯ ಅದನ್ನೇ ಮೆಚ್ಚಿ ಸೀಟು ಕೊಟ್ಟಿತು. ಡ್ರಾಯಿಂಗ್ ಮೇಷ್ಟ್ರು ತಮ್ಮ ಮಗಳಿಗೊಂದು ಅರ್ಜಿ ಬೇಕೆಂದು ಸದ್ದಿಲ್ಲದೆ ಕಿಟಕಿಗೆ ಬಂದರು. ಹೊರಡುವ ಹಿಂದಿನ ದಿನ ಹುಡುಗಿ ಪ್ರಬಂಧದ ಒಂದು ಪ್ರತಿ ಕೊಟ್ಟು, “ಬರ್ತೀನಿ ದೊಡ್ಡಮ್ಮಾ” ಎಂದು ಮೊದಲ ಬಾರಿಗೆ ಹಾಗೆ ಕರೆದು, ತಿರುಗಿ ನೋಡದೆ ಹೋದಳು.

ಆ ಮೇಲಿನ ದಿನಗಳು ಸೀಲಮ್ಮನಿಗೆ ಭಾರವಾದವು. ಮೊದಲೂ ಒಂಟಿಯೇ, ಆದರೆ ಆಗ ಅದು ಒಗ್ಗಿಹೋಗಿತ್ತು. ಈಗ ನಾಲ್ಕು ಗಂಟೆಯಾದೊಡನೆ ಕಿವಿ ತಾನಾಗಿ ಹೆಜ್ಜೆ ಸದ್ದು ಹುಡುಕುತ್ತಿತ್ತು. ಪ್ರಬಂಧವನ್ನು ಮೂರು ಸಲ ಓದಿದಳು. ಅದರಲ್ಲಿ ಅವಳು ‘ಏಳನೆಯ ಮಹಿಳೆ’. ತನ್ನ ಮಾತು ಎಲ್ಲೂ ತಡೆಯದೆ ನೆಟ್ಟಗೆ ಅಚ್ಚಾಗಿರುವುದನ್ನು ನೋಡಿ ಇದು ಬೇರೆ ಯಾರದೋ ಧ್ವನಿ ಎನ್ನಿಸಿ ಮುಚ್ಚಿಟ್ಟಳು. ಭಾನುವಾರ ತಮ್ಮನಿಗೆ “ತ... ತಡಿ, ನಾನೇ ಹೇಳ್ತೀನಿ” ಎಂದಳು. ಅವನು ಕಾದ. ಅಷ್ಟರಲ್ಲಿ ಅವನ ಮನೆಗೆ ಯಾರೋ ಬಂದರು. “ಆಮೇಲೆ ಮಾಡ್ತೀನಿ ಅಕ್ಕ” ಎಂದ. ಮಾಡಲಿಲ್ಲ.

ತಿಂಗಳೆರಡು ಕಳೆದ ಮೇಲೆ ಒಂದು ಸಂಜೆ ಅವಳು ಹತ್ತಿದ ಬಸ್ಸಿನಲ್ಲಿ ಕಂಡಕ್ಟರಮ್ಮ ಇದ್ದಳು; ಅವತ್ತು ಸಂಜೆಯ ಪಾಳಿಯೂ ಅವಳದೇ. ಹುಡುಗಿಯದೇ ಉದ್ದ ಕೈ. ಅರ್ಜಿಗೆ ಸಹಿ ಹಾಕಲು ಒಮ್ಮೆ ಕಿಟಕಿಗೆ ಬಂದವಳು, ಗುರುತು ಹಿಡಿದಳು.

“ಮಗಳು ಫೋನ್ ಮಾಡಿದ್ಳು. ನಿಮ್ಮನ್ನ ಕೇಳಿದ್ಳು. ಅಲ್ಲಿ ಮೊದ್ಲು ಮೊದ್ಲು ಅಳ್ತಿದ್ಳು, ಈಗ ಪರವಾಗಿಲ್ಲ ಅಂತಾಳೆ.” ಟಿಕೆಟ್ ಹರಿದು ಕೊಟ್ಟು ಹಿಂದಿನ ಸೀಟುಗಳಿಗೆ ಹೋದಳು. ಮತ್ತೆ ಬರುವಾಗ ಬಸ್ಸು ಅರ್ಧ ಖಾಲಿಯಾಗಿತ್ತು. ಸೀಲಮ್ಮ ಬಾಯಿ ತೆರೆದಳು.

“ನಿಮಗೆ ಮ... ಮ...”

“ಮಗಳ ನಂಬರ್ ಬೇಕಾ?”

ಸೀಲಮ್ಮ ಅಲ್ಲ ಎಂದು ಜೋರಾಗಿ ತಲೆಯಾಡಿಸಿದಳು. ಅವಳು ಇಳಿಯುವ ನಿಲ್ದಾಣ ಬಂತು. ಬಾಗಿಲು ತೆರೆಯಿತು. ಎದ್ದು ಇಳಿದುಬಿಟ್ಟರೆ ಮುಗಿಯಿತು, ಎಷ್ಟೋ ಸಲ ಹಾಗೆ ಇಳಿದಿದ್ದಾಳೆ. ಕೈ ಮುಂದಿನ ಸೀಟಿನ ಸರಳನ್ನು ಹಿಡಿದೇ ಇತ್ತು. ಬಾಗಿಲು ಮುಚ್ಚಿತು.

“ನಿಮ್ಮ ಸ್ಟಾಪು ಹೋಯ್ತಲ್ಲ!” ಎಂದಳು ಕಂಡಕ್ಟರಮ್ಮ.

“ಹೋ... ಹೋಗ್ಲಿ. ನಿಮಗೆ ಮ... ಮನೆ ಖಾಲಿ ಅನ್ಸುತ್ತಾ?”

ಕಂಡಕ್ಟರಮ್ಮ ಹಿಂದೆ ಮುಂದೆ ನೋಡಿ, ಟಿಕೆಟ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಸೀಟಿನಲ್ಲಿ ಕೂತಳು.

“ಬೆಳಗ್ಗೆ ನಾಲ್ಕಕ್ಕೆ ಏಳ್ತೀನಲ್ಲ,” ಎಂದಳು. “ಈಗ್ಲೂ ಸದ್ದಾಗ್ದಿರೋ ಹಾಗೆ ಕಾಲಿಟ್ಟು ನಡೀತೀನಿ. ಯಾರಿದಾರೆ ಎಚ್ಚರ ಆಗೋಕೆ?”

ಬಸ್ಸು ಡಿಪೊ ಕಡೆ ತಿರುಗಿತು. ಕೊನೆಯ ನಿಲ್ದಾಣಕ್ಕೆ ಇನ್ನೂ ನಾಲ್ಕು ಸ್ಟಾಪುಗಳಿದ್ದವು.