ಜೊಂಡಿನ ಕಟ್ಟಳೆ

ಹತ್ತು ವರ್ಷ ಊರವರ ಹುಲ್ಲು ಕುಯ್ಯುವ ಕುಡ್ಲುಗಳನ್ನೆಲ್ಲ ಹದ್ದುಬಸ್ತಿನಲ್ಲಿಟ್ಟವಳಿಗೆ ತನ್ನದೊಂದು ಕುಡ್ಲನ್ನು ತಡೆಯಲಾಗಲಿಲ್ಲ ಎಂದರೆ ಯಾರು ನಂಬುತ್ತಾರೆ? ಮುನಿಲಕ್ಷ್ಮಮ್ಮನಿಗೇ ನಂಬಿಕೆ ಬಂದಿರಲಿಲ್ಲ.

ಬ್ಯಾಡರಹಳ್ಳಿಯಾಚೆ ಲೇಔಟುಗಳ ನಡುವೆ ಹೇಗೋ ಉಳಿದುಕೊಂಡಿರುವ ಆ ಕೆರೆಯಲ್ಲಿ ಹುಲ್ಲು ಕುಯ್ದು ಹಸು ಸಾಕುವ ಮನೆಗಳು ಹನ್ನೊಂದು. ಯಾವ ವಾರ ಯಾರು ಯಾವ ದಂಡೆಯಲ್ಲಿ ಕುಯ್ಯಬೇಕೆಂದು ಸರದಿ ಕಟ್ಟಿದವಳು ಅವಳೇ. ನೀರು ಒಳಬರುವ ಮೂಲೆಯ ಜೊಂಡನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಮೇಲಿನ ಮೋರಿಗಳ ಕೊಳಕೆಲ್ಲ ಅಲ್ಲೇ ಸೋಸಿಹೋಗಿ ನೀರು ಕೆರೆಗಿಳಿಯಬೇಕು. ಮುಟ್ಟಿದವರ ಕುಡ್ಲು ಹದಿನೈದು ದಿನ ಅವಳ ಮನೆಯ ಸೂರಿನಲ್ಲಿ. ಅಷ್ಟೂ ದಿನ ಅವರಿಗೆ ಯಾರೂ ಹುಲ್ಲು ಕೊಡಕೂಡದು. ಎರಡನೇ ಸಲ ಮುಟ್ಟಿದರೆ ಸರದಿಯಿಂದಲೇ ಹೆಸರು ಹೊರಗೆ. ಕಟ್ಟಳೆ ಕಠಿಣವೇ. ಆದರೆ ಹತ್ತು ವರ್ಷದಲ್ಲಿ ಕುಡ್ಲು ಕಳೆದುಕೊಂಡವಳು ಶಿವಕ್ಕ ಒಬ್ಬಳೇ.

ಮೊನ್ನೆ ಮಧ್ಯಾಹ್ನ ಮುನಿಲಕ್ಷ್ಮಮ್ಮನ ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಅವಳ ಪಾಲಿನ ದಂಡೆ ಏರಿಯ ಆ ತುದಿಗೆ. ತುಂಬು ಗಬ್ಬದ ಹಸು ಎರಡು ದಿನದಿಂದ ಒಣ ಕಡ್ಡಿಗೆ ಮೂತಿ ತಿರುಗಿಸಿ ನಿಂತಿತ್ತು. ಜೊಂಡಿನ ಮೂಲೆಯೋ ಮನೆಗೆ ಇಪ್ಪತ್ತು ಹೆಜ್ಜೆ. ಅವಳು ಆಸೆಪಡಲಿಲ್ಲ, ಲೆಕ್ಕವನ್ನೂ ಹಾಕಲಿಲ್ಲ. ಸುಮ್ಮನೆ ಬಗ್ಗಿ ಒಂದು ಹೊರೆ ಎಳೆ ಜೊಂಡು ಕುಯ್ದಳು. ಆ ಹೊತ್ತಿಗೆ ಅವಳಿಗೆ ತನ್ನಿಂದ ತನಗೇ ಸಾಕಾಗಿಹೋಗಿತ್ತು.

ಕುಯ್ದ ಜೊಂಡು ಯಾರದೋ ಕಣ್ಣಿಗೆ ಬಿದ್ದು ಇವತ್ತು ಬೆಳಿಗ್ಗೆ ಏರಿಯ ಮೇಲೆ ಸಭೆ. ಲೇಔಟ್ ಸಂಘದ ಕಾರ್ಯದರ್ಶಿ ಕಾಂತರಾಜು ಬಂದಿದ್ದರು. ಕೆರೆಗೆ ತಂತಿಬೇಲಿ ಹಾಕಿ ಬೀಗ ಜಡಿಯಬೇಕು, ಹುಲ್ಲಿನವರನ್ನು ಹೊರಗಿಡಬೇಕು ಎಂದು ಸಂಘದವರು ಮೂರು ವರ್ಷದಿಂದ ಹೇಳುತ್ತಿದ್ದಾರೆ. ಪ್ರತಿ ಸಲವೂ ಅವರ ಬಾಯಿ ಮುಚ್ಚಿಸುತ್ತಿದ್ದದ್ದು ಮುನಿಲಕ್ಷ್ಮಮ್ಮನ ಹೆಸರೊಂದೇ.

"ಯಾರ ಕೆಲಸ ಅಂತ ಬೇಗ ಹೇಳ್ಬಿಡಿ," ಎಂದರು ಕಾಂತರಾಜು. "ನನಗೂ ಆಫೀಸಿದೆ."

ಎಲ್ಲರ ಕಣ್ಣೂ ಶಿವಕ್ಕನ ಮೇಲೆ ಬಿದ್ದವು. ಒಮ್ಮೆ ಕಳ್ಳಿ ಅನ್ನಿಸಿಕೊಂಡವಳು ಯಾವಾಗಲೂ ಕಳ್ಳಿಯೇ ತಾನೆ. ಮುನಿಲಕ್ಷ್ಮಮ್ಮ ಬಾಯಿ ತೆರೆಯಬೇಕೆಂದುಕೊಂಡಳು. ಹೇಳಿದರೆ ಬೇಲಿ ಬಂತು, ಹನ್ನೊಂದು ಮನೆಯ ಹಸುಗಳೂ ಹೋದವು. ಹೇಳದಿದ್ದರೆ ಶಿವಕ್ಕನ ಎರಡು ಹಸು ಮಾತ್ರ.

"ನಾನೇ ಕುಯ್ದಿದ್ದು," ಎಂದಳು ಶಿವಕ್ಕ. ಎದ್ದು ಬಂದು ತನ್ನ ಕುಡ್ಲನ್ನು ಮುಂದೆ ಹಿಡಿದಳು. "ತಗೊಳಕ್ಕ."

ಮುನಿಲಕ್ಷ್ಮಮ್ಮ ಅವಳ ಮುಖ ನೋಡಿದಳು. ಶಿವಕ್ಕನಿಗೆ ಎಲ್ಲ ಗೊತ್ತಿತ್ತು.

"ಯಾಕೇ ಹಿಂಗ್ ಮಾಡ್ತೀಯ?" ಎಂದು ಮೆಲ್ಲಗೆ ಕೇಳಿದಳು ಮುನಿಲಕ್ಷ್ಮಮ್ಮ.

"ನನ್ ಹೆಸರು ಮೊದ್ಲೇ ಕೆಟ್ಟಿದೆ. ನಿಂದು ಕೆಟ್ರೆ ಕೆರೆಗೆ ಯಾರು ದಿಕ್ಕು? ತಗೊಂಡ್ ಸುಮ್ನೆ ಇರು."

ಕುಡ್ಲು ತೆಗೆದುಕೊಳ್ಳಲು ಮುನಿಲಕ್ಷ್ಮಮ್ಮನ ಕೈ ಮುಂದೆ ಹೋಗಲಿಲ್ಲ. ಅವಮಾನಕ್ಕಿಂತ ಹೆಚ್ಚಾಗಿ ಆಯಾಸವೇ ಅವಳ ಬಾಯಿ ಬಿಡಿಸಿತು.

"ಶಿವಿ ಅಲ್ಲ ಸಾರ್. ಕುಯ್ದಿದ್ದು ನಾನು."

ಕಾಂತರಾಜು ಕನ್ನಡಕ ತೆಗೆದು ಒರೆಸಿದರು. "ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲಮ್ಮ. ಇನ್ನು ನಾನು ಸಂಘದಲ್ಲಿ ಏನಂತ ಹೇಳ್ಲಿ?" ಆಮೇಲೆ ಶಿವಕ್ಕನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಾ? ನೋಡಿದ್ರಾ?"

"ನೋಡ್ಬೇಕಾ ಸಾರ್?" ಶಿವಕ್ಕ ಜೊಂಡಿನತ್ತ ಕೈ ತೋರಿಸಿದಳು. "ಕುಯ್ದು ಉಳಿದಿರೋ ಕೂಳೆ ನೋಡಿ, ಎಲ್ಲಾ ಆ ಕಡೆ ಓರೆ. ಹನ್ನೊಂದು ಜನದಲ್ಲಿ ಎಡಗೈಯಲ್ಲಿ ಕುಯ್ಯೋಳು ಅಕ್ಕ ಒಬ್ಳೇ."

ಕಾಂತರಾಜು ಇಳಿದು ಹೋಗಿ ಬಗ್ಗಿ ನೋಡಿದರು. ಪ್ಯಾಂಟಿನ ಅಂಚು ಕೆಸರಾಯಿತು. ಅವರಿಗೆ ಎಲ್ಲ ಕೂಳೆಯೂ ಒಂದೇ ಥರ ಕಂಡಿರಬೇಕು, ಬಹಳ ಹೊತ್ತು ಅಲ್ಲೇ ನಿಂತರು. ಮೇಲೆ ಬಂದವರು, "ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ. ಅವರು ಏನ್ ಮಾಡ್ತಾರೋ ಗೊತ್ತಿಲ್ಲ," ಎಂದಷ್ಟೇ ಹೇಳಿ ಸ್ಕೂಟರ್ ಹತ್ತಿದರು.

ಮುನಿಲಕ್ಷ್ಮಮ್ಮ ತನ್ನ ಕುಡ್ಲನ್ನು ಶಿವಕ್ಕನ ಕೈಗಿಟ್ಟಳು. "ಇನ್ಮೇಲೆ ನೀನೇ ಇಟ್ಕೊ. ಈಗ ನನ್ನದು, ನಾಳೆ ಜೊಂಡು ಮುಟ್ಟಿದೋರು ಯಾರದ್ದಾದ್ರೂ."

"ನಾನ್ ಹೊತ್ಕೊಂಡಿದ್ನಲ್ಲ. ಸುಮ್ನಿರಕ್ಕೆ ಏನಾಗಿತ್ತು ನಿಂಗೆ?" ಶಿವಕ್ಕನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದಿದ್ದವು. "ಹದಿನೈದು ದಿನ ಹಸೂಗೆ ಏನ್ ಹಾಕ್ತೀಯ? ಕತ್ತಲಾದ್ಮೇಲೆ ಒಂದ್ ಹೊರೆ ತಂದ್ ಹಾಕ್ತೀನಿ, ಯಾರೂ ನೋಡಲ್ಲ."

"ಹಾಕಿದ್ರೆ ಸರದಿಯಿಂದ ನಿನ್ ಹೆಸ್ರೇ ಹೋಗುತ್ತೆ."

ಕುಂಟುತ್ತ ಮನೆಗೆ ಹೋದ ಮುನಿಲಕ್ಷ್ಮಮ್ಮ ಹಸುವಿನ ಹಗ್ಗ ಬಿಚ್ಚಿದಳು. ಅದು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು, ಇವಳೂ ನಿಲ್ಲುತ್ತಿದ್ದಳು. ಹಿಂದಿನ ಬೀದಿಯ ಶಿವಕ್ಕನ ಕೊಟ್ಟಿಗೆಯ ಗೂಟಕ್ಕೆ ಅದನ್ನು ಕಟ್ಟಿದಳು.

"ಅಕ್ಕಾ, ಇದೇನು?"

"ಇನ್ಮೇಲೆ ಇದು ನಿನ್ ಹಸು ಕಣೇ. ನಿನ್ ಹಸೂಗೆ ನೀನು ಹುಲ್ಲು ಹಾಕಕ್ಕೆ ಕಟ್ಟಳೆ ಅಡ್ಡ ಬರಲ್ಲ."

ಶಿವಕ್ಕ ಏನೋ ಹೇಳಲು ಹೋದಳು. ಮುನಿಲಕ್ಷ್ಮಮ್ಮ ಆಗಲೇ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು, ಊದಿದ ಮಂಡಿ ನೀವಿಕೊಳ್ಳುತ್ತ, ಗೋದಲಿಯಲ್ಲಿದ್ದ ಹಸಿ ಹುಲ್ಲನ್ನು ಹಸು ಮೇಯುವುದನ್ನು ನೋಡುತ್ತಿದ್ದಳು.