ನಡುಬಾಲದ ಕರ್ಣಕುಂಡಲ

ಸಣ್ಣವ್ವ ಕರ್ಣಕುಂಡಲದ ಗಿಡಗಳಲ್ಲಿ ದಾರ ಕಟ್ಟಿದ ಟೊಂಗೆಗಳನ್ನೇ ಹುಡುಕಿ ಹುಡುಕಿ ಮುರಿಯುತ್ತಿದ್ದಳು. ಬುಟ್ಟಿಯ ತಳ ಆಗಲೇ ಮುಚ್ಚಿತ್ತು. ಹಿತ್ತಲ ಬಾಗಿಲಲ್ಲಿ ಕೊಡೆ ಮಡಚುತ್ತಿದ್ದ ಖಾಜಾಸಾಬ ಅದನ್ನು ಕಂಡು, ಸಾವಿನ ಮನೆ ಅನ್ನುವುದನ್ನೂ ಮರೆತು ಕೂಗಿಬಿಟ್ಟ.

"ತಂಗೀ, ಕೈ ತಗಿ! ಆ ದಾರದ್ದು ಬ್ಯಾಡ!"

ಸಣ್ಣವ್ವ ತಿರುಗಿದಳು. ಅತ್ತು ಅತ್ತು ಕಣ್ಣು ಬಾತಿದ್ದವು. "ಯಾಕ ಖಾಜಣ್ಣ? ಅಣ್ಣಗ ಏರಸಾಕ ಬೇಕಲ್ಲ. ಚೆಂಡುಹೂವು ಸಂತ್ಯಾಗೂ ಸಿಗತಾವು. ಇವು ಅವನ ಕೈಯಾಗ ಬೆಳದಾವು."

"ಬ್ಯಾರೆ ಗಿಡದ್ದು ಹರಿಯವಾ, ಎಷ್ಟ ಬೇಕಾದ್ರೂ."

"ಬ್ಯಾರೆ ಗಿಡಕ್ಕ ದಾರ ಇಲ್ಲಲ್ಲ. ದಾರ ಕಟ್ಟಿದ್ದು ಮೀಸಲು. ಯಾರೂ ಮುಟ್ಟಬಾರದು ಅಂತಿದ್ದ. ಯಾವ ದೇವರಿಗೆ ಹರಕಿ ಹೊತ್ತಿದ್ದನೋ, ತೀರಸಲಾರದ ಹೋದ. ಇವನ್ನ ಅವನ ಕೂಡ ಕಳಸದಿದ್ರ ಅವನಿಗೆ ದಾರಿ ಹೆಂಗ ಸಿಗಬೇಕು, ನೀನ ಹೇಳು?"

ಖಾಜಾಸಾಬ ತೊಟ್ಟಿಲಿಗೆ ಬಣ್ಣ ಹಚ್ಚುವ ಮನುಷ್ಯ. ತೀರಿಕೊಂಡ ಮಡಿವಾಳೆಪ್ಪ ಮಾಸ್ತರನ ಬಾಜು ಮನೆಯಲ್ಲೇ ಹುಟ್ಟಿ ಮುದುಕನಾದವನು. ಆ ದಾರದ ಗಂಟು ಒಂದೊಂದನ್ನೂ ಬಿಗಿದವನು ತಾನೇ. ಆದರೆ ಅಣ್ಣನ ಹೆಣ ಒಳಗಿರುವಾಗ ತಂಗಿಯಾದವಳು ಹರಕೆಯ ಮಾತೆತ್ತಿದರೆ, ನೆರೆಮನೆಯ ಸಾಬ ಯಾವ ಬಾಯಿಂದ ಅಲ್ಲ ಅನ್ನಬೇಕು? ದಾರದ ಗಿಡಗಳಲ್ಲಿ ಇಡಿಯಾಗಿ ಉಳಿದಿದ್ದು ಒಂದೇ. ಅದರ ಕಾಯಿ ಇನ್ನೂ ಹಸಿ. ಅದನ್ನೂ ಮುರಿದರೆ, ಮಾಸ್ತರ ಹೊಂಚಿ ಕೂತಿದ್ದ ಉತ್ತರ ಅವನ ಸಂಗಡವೇ ಮಣ್ಣಾಗುತ್ತಿತ್ತು.

* * *

ದೇವಿಕೊಪ್ಪದ ಹಿಂದಿನ ಗುಡ್ಡದಲ್ಲಿ ಮಳೆ ಹಿಡಿದರೆ ಎರಡು ಬಗೆಯ ಕರ್ಣಕುಂಡಲ ಅರಳುತ್ತವೆ. ಎಲೆ ಒಂದೇ, ಬಣ್ಣ ಒಂದೇ. ಹೂವಿನ ಹಿಂದೆ ಇಳಿಬಿದ್ದ, ತಳದಲ್ಲಿ ಜೇನಿಟ್ಟುಕೊಂಡ ಬಾಲ ಮಾತ್ರ ಒಂದರದು ಮೋಟು, ಇನ್ನೊಂದರದು ಉದ್ದ. ಸಾಲೆಯಿಂದ ನಿವೃತ್ತನಾದ ವರ್ಷ ಮಾಸ್ತರ ಎರಡನ್ನೂ ಹಿತ್ತಲಿಗೆ ತಂದಿದ್ದ.

"ಇವು ಮೊದಲ ಒಂದ ಮನಿತನದವು ಇರಬೇಕು ಖಾಜಾ. ಬೀಜದೊಳಗ ವಂಶದ ಗುಣ ಇರತಾವ. ಅದರಾಗ ಎಲ್ಲೋ ಒಂದು ಬದಲಾತು, ಬಾಲ ಉದ್ದಾತು. ಮೋಟಬಾಲಕ್ಕ ಜೇನಹುಳ ಬರತೈತಿ. ಉದ್ದಬಾಲಕ್ಕ ಅದರ ನಾಲಗಿ ಮುಟ್ಟಂಗಿಲ್ಲ, ಅಲ್ಲಿಗೆ ಸಂಜಿಮುಂದ ಪತಂಗ ಬರತೈತಿ. ಇವರ ಮನಿಗೆ ಹೆಣ್ಣು ತೋರಸಾಕ ಬರಾಂವ ಅವರ ಮನಿ ಮೆಟ್ಟಲ ಹತ್ತಂಗಿಲ್ಲ. ಕೊಡೂದು ತರೂದು ನಿಂತಿತಂದ್ರ ಕುಲ ಬ್ಯಾರೆ ಆಗಾಕ ಎಷ್ಟೊತ್ತು? ಹೂವಿನ ಗಿಡದಾಗ ಇಷ್ಟೊಂದು ಜಾತಿ ಇಷ್ಟು ಲಗೂನ ಹುಟ್ಟಿದ್ದು ಹಿಂಗ."

"ಇವು ಕುಲ ಬ್ಯಾರೆ ಆಗ್ಯಾವಂತ ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಮದುವಿ ಮಾಡಿ ನಾವ ಕೇಳೂಣು."

ಮಾಸ್ತರನ ಕೈ ನಡುಗುತ್ತಿತ್ತು. ತೊಟ್ಟಿಲ ಮೇಲೆ ಬಳ್ಳಿಯ ಗೆರೆ ಎಳೆಯುವ ಸಣ್ಣ ಕುಂಚವನ್ನು ತೊಳೆದು ತಂದವನು ಖಾಜಾಸಾಬ. ಒಂದರ ಪರಾಗ ಎತ್ತಿ ಇನ್ನೊಂದಕ್ಕೆ ಮುಟ್ಟಿಸುವುದು, ಹುಳ ಸುಳಿಯದಂತೆ ತೆಳು ಅರಿವೆ ಮುಸುಕುವುದು, ಗುರುತಿಗೆ ತನ್ನ ಹೆಂಡತಿ ಮೀರಾಬಿ ಕೌದಿ ಹೊಲಿಯುವ ಕೆಂಪು ದಾರ ಕಟ್ಟುವುದು, ಎಲ್ಲ ಅವನದೇ ಕೆಲಸ. ಮರುವರ್ಷ ಹುಟ್ಟಿದ ಗಿಡದ ಹೂವಿನ ಬಾಲ ಮೋಟೂ ಅಲ್ಲ, ಉದ್ದವೂ ಅಲ್ಲ, ನಡುತರ. ಆ ದಿನ ಮಾಸ್ತರ ಇಡೀ ಓಣಿಗೆ ಪೇಢೆ ಹಂಚಿದ. ಯಾಕೆಂದು ಕೇಳಿದವರಿಗೆಲ್ಲ "ಮೊಮ್ಮಗಳು ಹುಟ್ಟ್ಯಾಳ" ಅಂದ.

ಎಂಬತ್ತಾರನೆಯ ಇಸವಿಯ ಈ ಮಳೆಗಾಲದಲ್ಲಿ ಆ ನಡುಬಾಲದ ಹೂವುಗಳನ್ನೇ ಒಂದಕ್ಕೊಂದು ಕೂಡಿಸಿದ್ದರು. "ಇವುಗಳ ಮಕ್ಕಳು ಮೋಟು, ನಡು, ಉದ್ದ ಅಂತ ಮೂರು ಪಾಲಾಗಿ ನಿಂತರ, ಬದಲಾದ ಗುಣ ಒಂದ. ಎಲ್ಲಾ ಅಳತೀವೂ ಹುಟ್ಟಿದ್ರ, ಭಾಳ ಗುಣ ಕೂಡಿ ಮಾಡಿದ ಕೆಲಸ. ಬರೂ ಮಳಿಗೆ ಗೊತ್ತಾಕ್ಕೈತಿ ತಗೊ" ಅಂದಿದ್ದ ಮಾಸ್ತರ, ನಿನ್ನೆ ಸಂಜೆ ಲಿಂಗಪೂಜೆಗೆ ಕೂತಲ್ಲೇ ಗೋಡೆಗೊರಗಿ ಶಿವನ ಪಾದ ಸೇರಿದ.

* * *

ಪಡಸಾಲೆಯಲ್ಲಿ ಮಾಸ್ತರನನ್ನು ಕೂಡ್ರಿಸಿ ಹಣೆಗೆ ವಿಭೂತಿ ಬಳಿದಿದ್ದರು. ಹೊರಗೆ ಕಟ್ಟೆಯ ಬಳಿ ಹಳೆಯ ಶಿಷ್ಯ ಶಂಕ್ರಪ್ಪ ಹೆಣ ಹೊರುವ ವಿಮಾನಕ್ಕೆ ಬಿದಿರು ಬಿಗಿಯುತ್ತ, "ಹೂವಿನ ಬಾಲಾ ಸ್ಕೇಲ್ ಹಿಡದು ಅಳೀತಿದ್ದ. ಸಾಲ್ಯಾಗ ಅದ ಸ್ಕೇಲ್‌ಲೆ ನಮ್ಮ ಅಂಗೈ ಅಳದಾನ" ಅಂದ. ನಾಲ್ಕು ಜನ ನಕ್ಕು ಮತ್ತೆ ಕಣ್ಣೊರೆಸಿಕೊಂಡರು.

ಖಾಜಾಸಾಬ ಮಾಸ್ತರನ ಹೆಂಡತಿ ಶಾರದವ್ವನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಸಂಗತಿ ಹೇಳಿದ. ಆಕೆ ಗಂಡನ ಮುಖವನ್ನು ಒಮ್ಮೆ ನೋಡಿ, ಗೋಡೆ ಹಿಡಿದು ಎದ್ದು ಹಿತ್ತಲಿಗೆ ನಡೆದಳು.

"ಸಣ್ಣವ್ವಾ, ಅದು ಹರಕಿ ಅಲ್ಲವಾ. ಬೀಜಕ್ಕ ಬಿಟ್ಟಿದ್ದು."

ಸಣ್ಣವ್ವ ಬುಟ್ಟಿ ಕೆಳಗಿಡಲಿಲ್ಲ. "ಬೀಜ ಆದ್ರೂ ಮೀಸಲ ಹೌದಲ್ಲ ವೈನಿ? ಅವನ ಮನಸೆಲ್ಲಾ ಇದರಾಗ ಇತ್ತು. ಮನಸಿದ್ದದ್ದು ಇಲ್ಲೇ ಇಟಗೊಂಡು ಬರೇ ಮೈ ಕಳಸ್ತೀರೇನು?"

ಶಾರದವ್ವ ಉಳಿದೊಂದು ಗಿಡದ ಮುಂದೆ ಕೂತು ಬುಡದ ಮಣ್ಣು ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು: "ಖಾಜಾಸಾಬ, ಬೇರು ಸಮೇತ ಎಬ್ಬಿಸಿದ್ರ ಇದು ಬದಕತೈತೇನು?"

"ಮಣ್ಣಿನ ಹೆಂಟಿ ಒಡೀಲಾರದ ತಗದರ ಬದಕತೈತ್ರಿ ವೈನಿ. ಮಳಿ ಐತಿ."

"ಹಂಗಾರ ಇದೂ ಅವರ ಕೂಡ ಹೋಗಲಿ. ಮುರದು ಅಲ್ಲ, ಇದ್ದಂಗ ಹೋಗಲಿ. ಸಮಾಧಿ ಬಾಜುಕ ನೆಡೂಣು. ನಿನ್ನ ಮೀಸಲೂ ಮುಟ್ಟಿತು ಸಣ್ಣವ್ವ, ಕಾಯೂ ಬಲೀತಾವು."

"ಅಯ್ಯನವರು ಏನಂತಾರೋ!" ಅಂದಳು ಸಣ್ಣವ್ವ.

ಬಾಗಿಲಲ್ಲಿ ಬಂದು ನಿಂತಿದ್ದ ಮಠದ ಅಯ್ಯನವರು ಜಪಮಣಿ ನಿಲ್ಲಿಸದೆ ಅಂದರು, "ಪತ್ರಿ ಏರಸ್ತೀವಿ, ಹೂ ಏರಸ್ತೀವಿ. ಗಿಡಾನ ಏರಿಸಿದ್ರ ಶಿವ ಬ್ಯಾಡ ಅಂತಾನೇನು? ಲಗೂ ಮಾಡ್ರಿ, ಮೋಡ ಇಳೀತು."

* * *

ಮುಂದೆ ಭಜನೆ, ನಡುವೆ ಮಾಸ್ತರ, ಹಿಂದೆ ಕಬ್ಬಿಣದ ಪುಟ್ಟಿಯಲ್ಲಿ ಗಿಡ ಹೊತ್ತ ಖಾಜಾಸಾಬ. ಹೆಗಲು ಬದಲಿಸುವಾಗ ಶಂಕ್ರಪ್ಪ ಹಿಂದೆ ನೋಡಿ, "ಏನ ಕಾಕಾ, ನಮ್ಮದಕ್ಕಿಂತ ನಿನ್ನದ ಭಾರ ಐತೇನು? ಆಮಿ ನಡದಂಗ ನಡೀತಿ" ಅಂದ.

"ನಿಮ್ಮಾಂವ ಅಳ್ಳಾಡಿದ್ರ ಬೈಯಂಗಿಲ್ಲೋ. ಇದು ಬಸರ ಐತಿ."

ಹೊಲದ ಬದುವಿನಲ್ಲಿ ತೋಡಿದ ಕುಣಿಯೊಳಗೆ ಮಾಸ್ತರನನ್ನು ಕೂಡ್ರಿಸಿ, ವಿಭೂತಿ ಗಟ್ಟಿ, ಬಿಲ್ವಪತ್ರೆ, ಸಣ್ಣವ್ವನ ಬುಟ್ಟಿಯ ಹೂವು ಎಲ್ಲ ಇಳಿಸಿದರು. ಎಲ್ಲರೊಡನೆ ಖಾಜಾಸಾಬನೂ ಹಿಡಿ ಮಣ್ಣು ಹಾಕಿದ. ದಿಬ್ಬ ಕಟ್ಟಿ, ಮೇಲೆ ಚೆಂಡುಹೂವಿನ ಮಾಲೆ ಹರಡಿ, ಅದರ ಬಾಜುವಿಗೆ ಗಿಡ ನೆಟ್ಟು ನೀರು ಹಾಕಿದರು. ಎಲೆ ತುಸು ಜೋತವು. ಕಾಯಿಗಳು ತೊಟ್ಟು ಬಿಡಲಿಲ್ಲ.

ಜನ ಜಳಕಕ್ಕೆ ಹಳ್ಳದ ಕಡೆ ಇಳಿದರು. ಬದು ದಾಟಿದ ಮೇಲೆ ಶಾರದವ್ವ, "ಸಣ್ಣವ್ವ ಎಲ್ಲಿ?" ಅಂದಳು. ಹಿಂತಿರುಗಿ ನೋಡಬಾರದೆಂದು ಗೊತ್ತಿದ್ದೂ ಖಾಜಾಸಾಬ ನೋಡಿದ.

ಯಾರದೋ ಆಡೊಂದು ದಿಬ್ಬ ಏರಿ ಮಾಸ್ತರನ ಮೇಲಿನ ಚೆಂಡುಹೂವಿನ ಮಾಲೆಯನ್ನು ನಿಶ್ಚಿಂತೆಯಿಂದ ಮೇಯುತ್ತಿತ್ತು. ಸಣ್ಣವ್ವ ಅದಕ್ಕೆ ಬೆನ್ನು ಹಾಕಿ, ಸೆರಗು ಬಿಗಿದು, ಗಿಡದ ಸುತ್ತ ಜಾಲಿಮುಳ್ಳು ಚುಚ್ಚುತ್ತಿದ್ದಳು. ಆಡು ಇತ್ತ ಬಾಯಿ ಚಾಚಿದಾಗ ಮಾತ್ರ ಅದರ ಮೋರೆಯನ್ನು ಮೊಣಕೈಯಿಂದ ಮಾಲೆಯ ಕಡೆಗೇ ನೂಕಿ, ಇನ್ನೊಂದು ಮುಳ್ಳಿನ ಟೊಂಗೆ ನೆಟ್ಟಳು.